ಬಿಗಿದವರ ಕೈಬರಹ

ಟೈರು ಪಂಚರಾಗಿ ರಸ್ತೆ ಬದಿ ನಿಂತ ಕಾರಿನ ಸುತ್ತ ಜನ ಸೇರುವುದಕ್ಕೆ ಎರಡು ನಿಮಿಷ ಸಾಕು. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ, ಶಿರಾಡಿ ಘಾಟಿಗೆ ಇನ್ನೇನು ಇಳಿಯಬೇಕು ಎನ್ನುವಲ್ಲಿ, ಒಂದು ಜುಲೈ ಮಧ್ಯಾಹ್ನ ನನ್ನ ಕಾರಿನ ಹಿಂದಿನ ಎಡ ಚಕ್ರ ಕುಳಿತುಬಿಟ್ಟಿತು. ಸ್ಟೆಪ್ನಿಯಲ್ಲಿ ಗಾಳಿ ಇತ್ತು, ಜಾಕಿ ಇತ್ತು, ಪಾನಾ ಇತ್ತು. ನಾಲ್ಕು ನಟ್ಟುಗಳಲ್ಲಿ ಮೂರು ಏದುಸಿರು ಬಿಡಿಸಿ ಸಡಿಲಗೊಂಡವು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಸಲಹೆಗಳು ಮಳೆಗಿಂತ ಜೋರಾಗಿ ಸುರಿದವು. ಚಹಾದಂಗಡಿಯವರು "ಮಲೆನಾಡು ಸಾರ್, ತುಕ್ಕು ಹಿಡಿದಿರ್ತದೆ, ಸ್ವಲ್ಪ ಎಣ್ಣೆ ಬಿಡಿ" ಎಂದರು. ಬೈಕು ನಿಲ್ಲಿಸಿದ ಹುಡುಗ "ಪಾನಾ ಮೇಲೆ ಹತ್ತಿ ನಿಂತು ಎರಡು ಸಲ ಕುಣೀರಿ" ಎಂದ. ಮತ್ತೊಬ್ಬರು ಕಾರಿನೊಳಗಿದ್ದ ನನ್ನ ಹೆಂಡತಿಯತ್ತ ನೋಡಿ "ಮೇಡಂ ಒಬ್ಬರೇ ಬಂದಿದ್ದಿದ್ರೆ ಏನು ಗತಿ?" ಎಂದು ಮರುಗಿದರು. ಮಂಗಳೂರಿನ ಕಡೆ ಹೊರಟಿದ್ದ ಲಾರಿಯ ಚಾಲಕರೊಬ್ಬರು ಮಾತ್ರ ಸಲಹೆ ಕೊಡದೆ ಪ್ರಶ್ನೆ ಕೇಳಿದರು: "ಈ ಚಕ್ರ ಕೊನೇ ಸಲ ಹಾಕಿದ್ದು ಯಾರು?"

ಮೂರು ವಾರದ ಹಿಂದೆ ವೀಲ್ ಅಲೈನ್‌ಮೆಂಟಿಗೆ ಬಿಟ್ಟಿದ್ದೆ, ಅಲ್ಲಿ ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸಿದ್ದರು. ಅದನ್ನು ಹೇಳಿದೆ. ಅವರು ನಕ್ಕು, ಲಾರಿಯಿಂದ ಒಂದು ಕಬ್ಬಿಣದ ಪೈಪು ತರಲು ಹೋದರು.

ಮೂರು ವಾರದಲ್ಲಿ ತುಕ್ಕು ಅಂಥ ಪವಾಡ ಮಾಡುವುದಿಲ್ಲ. ಆದರೂ ನಟ್ಟು ಕಚ್ಚಿಕೊಂಡಾಗ ನಾವು ತುಕ್ಕನ್ನು ಬೈಯುತ್ತೇವೆ, ಮಳೆಯನ್ನು ಬೈಯುತ್ತೇವೆ, ನಮ್ಮ ತೋಳನ್ನೇ ಬೈದುಕೊಳ್ಳುತ್ತೇವೆ. ಬಿಗಿದ ಕೈಯ ಮೇಲೆ ಅನುಮಾನ ಬರುವುದೇ ಇಲ್ಲ. ಎಷ್ಟು ಬಿಗಿಯೋ ಅಷ್ಟು ಭದ್ರ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಬಿಗಿಯಾಗಿ ಕೂತಿದೆ. ಬಿಚ್ಚಲಾಗದ ನಟ್ಟು ಹುಟ್ಟುವುದು ಅದನ್ನು ಬಿಗಿದ ದಿನ. ರಸ್ತೆ ಬದಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಅದರ ಕೈಬರಹ ಮಾತ್ರ. ಎಣ್ಣೆ, ಕುಣಿತ, ಸುತ್ತಿಗೆಗಳ ಸಲಹೆಗಳೆಲ್ಲ ಆ ದಿನವನ್ನು ಮರೆತು ಹುಟ್ಟಿದವು ಎಂಬುದು ನನ್ನ ತಕರಾರು.

ಮೊದಲಿಗೆ, ನಟ್ಟು ಚಕ್ರವನ್ನು ಹೇಗೆ ಹಿಡಿಯುತ್ತದೆ ಎಂಬುದನ್ನೇ ನಾವು ತಪ್ಪಾಗಿ ಊಹಿಸಿಕೊಂಡಿದ್ದೇವೆ. ಗೋಡೆಯ ಮೊಳೆ ಕ್ಯಾಲೆಂಡರನ್ನು ಹೊರುವಂತೆ ನಟ್ಟು ಕೂರುವ ಆ ನಾಲ್ಕು ಸ್ಟಡ್ಡುಗಳು ಕಾರನ್ನು ಹೊತ್ತುಕೊಂಡಿವೆ ಎಂದುಕೊಳ್ಳುತ್ತೇವೆ. ಸ್ಟಡ್ಡು ಕೆಲಸ ಮಾಡುವುದು ಸ್ಪ್ರಿಂಗಿನ ಹಾಗೆ. ನಟ್ಟು ತಿರುಗಿದಂತೆ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಮರಳಿ ಕುಗ್ಗಲು ಹವಣಿಸುತ್ತ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಎರಡು ಲೋಹದ ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಚಕ್ರವನ್ನು ಜಾರದಂತೆ ಕಾಯುವುದು. 12 ಮಿಲಿಮೀಟರ್ ದಪ್ಪದ ಸ್ಟಡ್ಡಿನ ಮೇಲೆ ನಟ್ಟನ್ನು 100 ನ್ಯೂಟನ್ ಮೀಟರ್ ತಿರುಚುಬಲಕ್ಕೆ ಬಿಗಿದರೆ ಸಿಗುವ ಹಿಡಿತ ಹೆಚ್ಚುಕಡಿಮೆ 4 ಟನ್. ಅದು ಒಂದು ನಟ್ಟಿನದು. ಒಂದು ಟನ್ ತೂಗುವ ಕಾರಿನ ಒಂದೊಂದು ಚಕ್ರವನ್ನೂ ಹೀಗೆ 16 ಟನ್ನಿನ ಮುಷ್ಟಿ ಹಿಡಿದಿರುತ್ತದೆ. ಇದಕ್ಕಿಂತ ಭದ್ರತೆ ಯಾರಿಗೆ ಬೇಕು?

ಸ್ಪ್ರಿಂಗಿಗೆ ಒಂದು ಎಲ್ಲೆಯೂ ಉಂಟು. ಅದರಾಚೆ ಎಳೆದ ಸ್ಟಡ್ಡು ಹಳೆ ಪೈಜಾಮದ ಎಲಾಸ್ಟಿಕ್ಕಿನಂತೆ, ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿದುಬಿಡುತ್ತದೆ. ಆಮೇಲೆ ಅದರ ಹಿಡಿತವನ್ನು ನಂಬುವಂತಿಲ್ಲ. ಓಡಾಟದ ನಡುಕಕ್ಕೆ ದಣಿದು ಬಿರುಕು ಬಿಡಬಹುದು, ಒಂದು ದಿನ ಕಟ್ಟೆಂದು ಮುರಿಯಲೂಬಹುದು. ಒಂದು ಸ್ಟಡ್ಡು ಹೋದರೆ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಅತಿ ಬಿಗಿಯ ಹೊಟ್ಟೆಯಲ್ಲೇ ಸಡಿಲು ಹುಟ್ಟುವುದು ಹೀಗೆ. ಒಂದು ನಟ್ಟು ಅತಿ, ಪಕ್ಕದ್ದು ಮಿತ ಎಂದಾದರೆ ಚಕ್ರದ ಹಿಂದಿನ ಬ್ರೇಕ್ ಡಿಸ್ಕ್ ಸೊಟ್ಟಗೆ ಒತ್ತಿಸಿಕೊಳ್ಳುತ್ತದೆ. ಆಗ ಬ್ರೇಕ್ ಒತ್ತಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ, ನಾವು ಬ್ರೇಕ್ ಪ್ಯಾಡ್ ಬದಲಾಯಿಸುತ್ತ ದುಡ್ಡು ಸುರಿಯುತ್ತೇವೆ.

ಕಾರು ತಯಾರಿಸುವವರು ಈ ಎಲ್ಲೆಯನ್ನು ಗುಟ್ಟಾಗಿಯೇನೂ ಇಟ್ಟಿಲ್ಲ. ಮಾರುತಿಯ ಹಳೆಯ ಸಣ್ಣ ಕಾರುಗಳಿಗೆ 85 ನ್ಯೂಟನ್ ಮೀಟರ್, ಟೊಯೋಟಾದ ಎಷ್ಟೋ ಕಾರುಗಳಿಗೆ 103, ಹೋಂಡಾ ಸಿಟಿಗೆ 108, ನಟ್ಟಿನ ಬದಲು ಬೋಲ್ಟ್ ಇರುವ ಫೋಕ್ಸ್‌ವ್ಯಾಗನ್ ಪೋಲೊಗೆ 120. ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಇಟ್ಟಿರುತ್ತೇವಲ್ಲ, ಆ ಪುಸ್ತಕದಲ್ಲಿ ನಿಮ್ಮ ಕಾರಿನ ಅಂಕಿ ಅಚ್ಚಾಗಿರುತ್ತದೆ.

ಇನ್ನು ಟೈರ್ ಅಂಗಡಿಯಲ್ಲಿ ನಟ್ಟು ಬಿಚ್ಚುವ, ಬಿಗಿಯುವ ಗನ್ನು. ಗಾಳಿಯದಿರಲಿ, ಬ್ಯಾಟರಿಯದಿರಲಿ, ಅರ್ಧ ಇಂಚಿನ ಚೌಕದ ತಲೆಯಿರುವ ಗನ್ನುಗಳಲ್ಲಿ 500 ನ್ಯೂಟನ್ ಮೀಟರ್ ದಾಟುವಂಥವು ಈಗ ಸಾಮಾನ್ಯ. ಸಾವಿರ ದಾಟುವವೂ ಇವೆ. ಅದು ತಿರುಗಿಸುವುದಕ್ಕಿಂತ ಹೆಚ್ಚಾಗಿ ಕುಟ್ಟುತ್ತದೆ: ಒಳಗಿನ ಸುತ್ತಿಗೆ ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತದೆ. ಬಿಚ್ಚುವುದಕ್ಕೆ ಅದರಂಥ ಸಾಧನ ಇನ್ನೊಂದಿಲ್ಲ, ಒಪ್ಪುತ್ತೇನೆ. ಬಿಗಿಯುವಾಗ ಎಲ್ಲಿ ನಿಲ್ಲಿಸಬೇಕು ಎಂಬುದು ಗನ್ನಿಗೆ ತಿಳಿಯದು. ತಿಳಿಯಬೇಕಾದದ್ದು ಕುದುರೆ ಒತ್ತಿದ ಬೆರಳಿಗೆ. ಆ ಬೆರಳಿನ ಯಜಮಾನ ದಿನಕ್ಕೆ ಎಷ್ಟೋ ಚಕ್ರ ಹಾಕುವ ಹುಡುಗ. ಅವನ ಕಿವಿ ಟರ್‌ರ್‌ರ್ ಎಂಬ ಸದ್ದಿಗೆ ಒಗ್ಗಿಹೋಗಿದೆ. ನಟ್ಟು ಕೂತ ಮೇಲೂ ಎರಡು ಸೆಕೆಂಡು "ಇರಲಿ" ಅಂತ ಒತ್ತುತ್ತಾನೆ. ನಮ್ಮ ಕಥೆ ಇರುವುದು ಆ "ಇರಲಿ"ಯಲ್ಲಿ.

ಬಿಗಿತವನ್ನು ಅಳೆಯುವ ಪಾನಾ, ಅಂದರೆ ಟಾರ್ಕ್ ರೆಂಚ್, ಹುಟ್ಟಿದ್ದು ಕೂಡ ಅತಿ ಬಿಗಿಯ ಕಾಟಕ್ಕೆ. 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಅದನ್ನು ರೂಪಿಸಿದ್ದು ಪೈಪುಗಳ ಜೋಡಣೆಯಲ್ಲಿ ಬೋಲ್ಟುಗಳನ್ನು ಮಿತಿಮೀರಿ ಬಿಗಿಯುವುದನ್ನು ತಪ್ಪಿಸಲು. ಹೊಟ್ಟೆಪಾಡಿಗೆ ಬೋಲ್ಟು ತಿರುಗಿಸುವವರು ನೂರು ವರ್ಷದ ಹಿಂದೆಯೇ ಕಂಡ ಕಾಯಿಲೆ ಇದು. ನಾವಿನ್ನೂ ಅದನ್ನು ಆರೋಗ್ಯ ಎಂದು ಕರೆಯುತ್ತಿದ್ದೇವೆ.

ಡಿಕ್ಕಿಯಲ್ಲಿ ಕೊಡುವ ಎಲ್ ಆಕಾರದ ಪಾನಾವನ್ನು ಹಂಗಿಸದವರಿಲ್ಲ. "ಕಂಪನಿಯವರು ಆಟದ ಸಾಮಾನು ಕೊಟ್ಟಿದ್ದಾರೆ, ಗೇಣುದ್ದ ಇಲ್ಲ" ಎನ್ನುತ್ತೇವೆ. ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಆ ಗೇಣುದ್ದದ ಮೇಲೆ ಗೌರವ ಬಂದಿದೆ. ಪಾನಾದ ಹಿಡಿ 25 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 85 ನ್ಯೂಟನ್ ಮೀಟರ್ ಬರಬೇಕಾದರೆ ಅದರ ತುದಿಯಲ್ಲಿ ಸುಮಾರು 35 ಕಿಲೋ ಭಾರ ಬೇಕು. 50 ಕಿಲೋ ತೂಗುವ ಯಾರೇ ಆಗಲಿ, ಮೊಣಕೈ ಮಡಚದೆ ಮೈಭಾರವನ್ನು ಅಂಗೈಗೆ ಬಿಟ್ಟರೆ ಅಷ್ಟು ಬಲ ಬರುತ್ತದೆ. ಅದಕ್ಕಿಂತ ತೀರಾ ಹೆಚ್ಚು ಬರುವುದೂ ಇಲ್ಲ. ಗಿಡ್ಡ ಪಾನಾ ಎಂದರೆ ಒಂದು ಅಳತೆಗೋಲು: ಮನುಷ್ಯರ ಮೈಭಾರವನ್ನೇ ಕಾರಿನವರು ತಕ್ಕಡಿಯ ಬಟ್ಟಾಗಿ ಬಳಸಿಕೊಂಡಿದ್ದಾರೆ. ಥ್ರೆಡ್ಡು ಚೊಕ್ಕಟವಾಗಿದ್ದರೆ, ಬಿಗಿದ ಬಲಕ್ಕಿಂತ ತುಸು ಕಡಿಮೆ ಬಲದಲ್ಲೇ ನಟ್ಟು ಬಿಚ್ಚುತ್ತದೆ. ಗಿಡ್ಡ ಪಾನಾದಲ್ಲಿ ಬಿಗಿದವರೇ ಗಿಡ್ಡ ಪಾನಾದಲ್ಲಿ ಬಿಚ್ಚಬಲ್ಲರು.

ಅದೇ ನಟ್ಟನ್ನು ಗನ್ನು 300ಕ್ಕೆ ಬಿಗಿದಿದ್ದರೆ? ಅದೇ ಪಾನಾದ ತುದಿಗೆ 120 ಕಿಲೋ ಬೇಕು. ಒಂದು ಕ್ವಿಂಟಲ್ ಅಕ್ಕಿ ಮೂಟೆ ತೂಗುಹಾಕಿದರೂ ಜಗ್ಗದು.

"ಮೇಡಂ ಒಬ್ಬರೇ ಬಂದಿದ್ದಿದ್ರೆ" ಎಂಬ ಮರುಕದ ಬಗ್ಗೆ ಈಗ ಮಾತಾಡಬಹುದು. ಟೈರು ಬದಲಾಯಿಸುವುದು ಗಂಡಸಿನ ತೋಳಿನ ಕೆಲಸ ಎಂಬುದು ನಮ್ಮ ಕಡೆ ವಾದವೇ ಬೇಡದ ಸತ್ಯ. 85 ಅಥವಾ 103ರ ನಟ್ಟನ್ನು ಬಿಚ್ಚಲು ಪೈಲ್ವಾನ ಬೇಕಿಲ್ಲ, ಅಂಗೈ ಎಲ್ಲಿಡಬೇಕೆಂಬ ತಿಳಿವಳಿಕೆ ಸಾಕು. ಕಾರನ್ನು ರೂಪಿಸಿದವರು ಯಾರೂ ಬಿಚ್ಚಬಹುದಾದ ನಟ್ಟನ್ನೇ ಕೊಟ್ಟಿದ್ದರು. ಅದನ್ನು ಪೈಲ್ವಾನರ ನಟ್ಟು ಮಾಡಿದ್ದು ಗನ್ನು. ಆಮೇಲೆ ಆ ನಟ್ಟಿನೆದುರು ಸೋತ ಹೆಂಗಸನ್ನು, ಮುದುಕರನ್ನು, ನನ್ನಂಥ ನರಪೇತಲ ಲೇಖಕನನ್ನು ನೋಡಿ ಕೈಲಾಗದವರು ಎನ್ನುತ್ತೇವೆ. ಹೆದ್ದಾರಿಯಲ್ಲಿ ಹೇಗೂ ಸಹಾಯವಾಣಿ ಇದೆ ಎನ್ನುವವರಿಗೆ ನನ್ನ ಉತ್ತರ: ಫೋನು ಸಿಗ್ನಲ್ ಹಿಡಿಯದ ಘಾಟಿಯ ತಿರುವಿನಲ್ಲಿ ಒಮ್ಮೆ ನಿಂತು ನೋಡಿ.

ಸ್ಟೆಪ್ನಿ ಎಂಬ ಹೆಸರಿನ ಹಿಂದೆ ಇಲ್ಲಿಗೆ ಒಪ್ಪುವ ಒಂದು ತಮಾಷೆಯಿದೆ. ವೇಲ್ಸ್ ದೇಶದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಮಾರಾಟಕ್ಕಿಟ್ಟ ಬದಲಿ ಚಕ್ರದಿಂದ ಈ ಮಾತು ಬಂತು. ಬ್ರಿಟನ್ನಿನಲ್ಲೇ ಮರೆತುಹೋದ ಹೆಸರನ್ನು ನಾವು ಮನೆಮಾತಾಗಿ ಉಳಿಸಿಕೊಂಡಿದ್ದೇವೆ. ಆ ಮೊದಲ ಸ್ಟೆಪ್ನಿ ಪೂರ್ತಿ ಚಕ್ರವೂ ಆಗಿರಲಿಲ್ಲ. ಅರೆಕಾಲುಗಳಿಲ್ಲದ, ಗಾಳಿ ತುಂಬಿದ ಟೈರು ತೊಡಿಸಿದ ಬರಿಯ ರಿಮ್ಮು. ಪಂಚರಾದ ಚಕ್ರವನ್ನು ಬಿಚ್ಚದೆ, ಅದರ ಮಗ್ಗುಲಿಗೇ ಇದನ್ನು ಕೊಂಡಿಗಳಿಂದ ಸಿಕ್ಕಿಸಿ ಹೊರಡುತ್ತಿದ್ದರು. ನಟ್ಟಿನ ಗೋಜೇ ಇರಲಿಲ್ಲ. ಹೆಸರು ಉಳಿಯಿತು, ಸುಖ ಹೋಯಿತು.

ಎಣ್ಣೆಯ ಸಲಹೆಗೆ ಬರುತ್ತೇನೆ, ಏಕೆಂದರೆ ಇದು ಎಲ್ಲಕ್ಕಿಂತ ಮುಗ್ಧವಾಗಿ ಕಾಣುವ ಸಲಹೆ. ಚಕ್ರದ ನಟ್ಟಿನ ಬುಡ ಸಾಮಾನ್ಯವಾಗಿ ಶಂಕುವಿನ ಆಕಾರದಲ್ಲಿ, ಹೋಂಡಾದಂಥ ಕಾರುಗಳಲ್ಲಿ ಗೋಲಿಯಂತೆ ದುಂಡಗೆ ಇರುತ್ತದೆ. ಅದು ರಿಮ್ಮಿನ ಕುಳಿಯಲ್ಲಿ ಬೆಣೆಯ ಹಾಗೆ ಕೂರುತ್ತದೆ. ಆ ಬೆಣೆಯೇ ಒಂದು ಬಿರಡೆ, ಒಳಗಿನ ಥ್ರೆಡ್ಡಿಗೆ ಬುಡದಿಂದ ಎಣ್ಣೆ ಇಳಿಯುವ ದಾರಿಯನ್ನು ಅದು ಮುಚ್ಚಿಬಿಟ್ಟಿರುತ್ತದೆ. ಇನ್ನು ಈಗಿನ ಎಷ್ಟೋ ನಟ್ಟುಗಳು ಟೋಪಿ ನಟ್ಟುಗಳು, ತುದಿಯೂ ಮುಚ್ಚಿದೆ. ಅದರ ಮೇಲೆ ಎಣ್ಣೆ ಬಿಡುವುದೂ ಶಿವಲಿಂಗಕ್ಕೆ ಅಭಿಷೇಕ ಮಾಡುವುದೂ ಒಂದೇ, ಮನಸ್ಸಿಗೆ ನೆಮ್ಮದಿ. ತುದಿ ತೆರೆದ ನಟ್ಟಾದರೆ ಎಣ್ಣೆ ನಿಧಾನಕ್ಕೆ ಇಳಿದೀತು, ಅದಕ್ಕೂ ಗಂಟೆಗಟ್ಟಲೆ ಹೊತ್ತು ಬೇಕು. ಎಲ್ಲರೂ ಹೆಸರಿಸುವ ಡಬ್ಲ್ಯೂಡಿ-40 ಹುಟ್ಟಿದ್ದು ಕೂಡ ಬೇರೆ ಕೆಲಸಕ್ಕೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದ ಒಂದು ಸಣ್ಣ ಕಂಪನಿ, ನೀರನ್ನು ಹೊರದೂಡಿ ತುಕ್ಕು ತಡೆಯುವ ದ್ರವಕ್ಕಾಗಿ ಹೆಣಗಿ 40ನೇ ಪ್ರಯತ್ನದಲ್ಲಿ ಗೆದ್ದಿತು. ಹೆಸರಿನಲ್ಲಿರುವ ಎರಡು ಅಕ್ಷರ ನೀರು ದೂಡುವುದನ್ನೂ, ಅಂಕಿ ಆ ಹೆಣಗಾಟವನ್ನೂ ಹೇಳುತ್ತವೆ. ಅಟ್ಲಾಸ್ ಕ್ಷಿಪಣಿಯ ಮೈಗೆ ಬಳಿದದ್ದು ಅದನ್ನೇ.

ಎಣ್ಣೆಯ ನಿಜವಾದ ಅಪಾಯ ಬಿಗಿಯುವಾಗ ಕಾಣುತ್ತದೆ. ಪಾನಾಕ್ಕೆ ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಥ್ರೆಡ್ಡಿನ ಮತ್ತು ನಟ್ಟಿನ ಬುಡದ ಉಜ್ಜಾಟಕ್ಕೇ ಖರ್ಚಾಗುತ್ತದೆ. ಸ್ಟಡ್ಡನ್ನು ಹಿಗ್ಗಿಸುವುದು ಉಳಿದ ಒಂದು ಪಾಲು. ಎಣ್ಣೆಯೋ ಗ್ರೀಸೋ ಬಿದ್ದರೆ ಉಜ್ಜಾಟ ತಗ್ಗಿ ಆ ಪಾಲು ಹಿಗ್ಗುತ್ತದೆ, ಅದೇ 100 ನ್ಯೂಟನ್ ಮೀಟರ್ ಈಗ ಸ್ಟಡ್ಡನ್ನು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಪುಸ್ತಕದಲ್ಲಿ ಅಚ್ಚಾದ ಅಂಕಿ ಒಣ ಥ್ರೆಡ್ಡಿನ ಅಂಕಿ. "ಮುಂದಿನ ಸಲ ಸಲೀಸಾಗಲಿ" ಎಂದು ಸ್ಟಡ್ಡಿಗೆ ಗ್ರೀಸ್ ಬಳಿಯುವವರು ತಮಗರಿವಿಲ್ಲದೆ ಗನ್ನಿನ ಕೆಲಸವನ್ನೇ ಮಾಡುತ್ತಿರುತ್ತಾರೆ. ನುಣ್ಣಗೆ, ಸದ್ದಿಲ್ಲದೆ.

ಪಾನಾದ ಮೇಲೆ ಕುಣಿಯುವ ವಿದ್ಯೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಾನಾ ಜಾರಿ ಮೊಣಕಾಲ ಮೂಳೆಗೆ ಬಡಿದವರಿಗೆ ಗೊತ್ತು. ಕುಣಿದಾಗ ಬಲ ನೇರವಾಗಿ ಬೀಳದು, ಸಾಕೆಟ್ಟು ಓರೆಯಾಗಿ ನಟ್ಟಿನ ಮೂಲೆಗಳನ್ನು ತಿನ್ನುತ್ತದೆ. ದುಂಡಗಾದ ನಟ್ಟಿಗೆ ಆಮೇಲೆ ಒಳಗೆ ತಿರುಗುಹಲ್ಲುಗಳಿರುವ ಬೇರೆಯೇ ಸಾಕೆಟ್ಟು ಬಡಿಯಬೇಕು. ಬೆಂಕಿ ಕೊಡುವವರೂ ಇದ್ದಾರೆ. ಪಕ್ಕದಲ್ಲೇ ಗಾಳಿ ತುಂಬಿದ ರಬ್ಬರು, ಹಿಂದೆ ಬೇರಿಂಗಿನ ಗ್ರೀಸು, ನಡುವೆ ಕಾಯಿಸಿದರೆ ಗಟ್ಟಿತನ ಕಳೆದುಕೊಳ್ಳುವ ಅಲಾಯ್. ಬೇಡ.

ಲಾರಿಯವರು ಅಂದು ಮಾಡಿದ್ದನ್ನು ನೋಡಿ ನಾನು ಕಲಿತದ್ದು ಹೆಚ್ಚು. ಜಾಕಿ ಏರಿಸಿದ್ದೆ, ಇಳಿಸಲು ಹೇಳಿದರು: ಚಕ್ರ ನೆಲ ಕಚ್ಚಿರಬೇಕು, ಇಲ್ಲದಿದ್ದರೆ ನಮ್ಮ ಬಲವೆಲ್ಲ ಕಾರನ್ನು ಅಲುಗಿಸುವುದಕ್ಕೇ ಹೋಗುತ್ತದೆ, ಜಾಕಿ ಮಗುಚಿದರೂ ಮಗುಚೀತು. ಸಾಕೆಟ್ಟಿನೊಳಗಿನ ಕೆಸರನ್ನು ಕಡ್ಡಿಯಿಂದ ಕೆದಕಿ, ನಟ್ಟಿನ ಬುಡದ ತನಕ ಕೂರಿಸಿದರು. ಆಮೇಲೆ ಮಾಡಿದ್ದು ನನಗೆ ಹುಚ್ಚಾಗಿ ಕಂಡಿತು: ಬಿಚ್ಚುವ ಬದಲು ಒಂದು ಕೂದಲಿನಷ್ಟು ಬಿಗಿ ಮಾಡಲು ನೋಡಿದರು. ಕಚ್ಚಿದ ಮುಖಗಳ ಪಟ್ಟು ಯಾವ ದಿಕ್ಕಿಗಾದರೂ ಒಮ್ಮೆ ತಪ್ಪಿದರೆ ಸಾಕು ಎಂಬುದು ಅವರ ಲೆಕ್ಕ. ಆಮೇಲೆ ಪಾನಾದ ಹಿಡಿ ಎಡಕ್ಕೆ ಅಡ್ಡಲಾಗಿ ಬರುವಂತೆ ಹಾಕಿ, ಅದಕ್ಕೆ ಸುಮಾರು ಒಂದು ಮೀಟರ್ ಉದ್ದದ ಪೈಪು ತೊಡಿಸಿ, ತುದಿಯನ್ನು ಒಂದೇ ಸಮನೆ ಕೆಳಕ್ಕೆ ಒತ್ತಿದರು. ಕುಣಿತವಿಲ್ಲ, ಜರ್ಕಿಲ್ಲ. ಒಂದು ಮೀಟರಿನ ಪೈಪಿದ್ದರೆ 300ರ ನಟ್ಟಿಗೂ 30 ಕಿಲೋ ಒತ್ತಡ ಸಾಕು. ಟಕ್ ಎಂದು ಒಣ ಕಟ್ಟಿಗೆ ಮುರಿದ ಸದ್ದು ಬಂತು. ತುಕ್ಕು ಹಿಡಿದ ನಟ್ಟು ಕಿರ್‌ರ್ ಎಂದು ಅಳುತ್ತ ಬರುತ್ತದಂತೆ. ನಮ್ಮದು ಬರಿಗೈಗೆ ಬಂತು, ಥ್ರೆಡ್ಡು ಲಕಲಕ ಹೊಳೆಯುತ್ತಿತ್ತು.

ಸ್ಟೆಪ್ನಿ ಹಾಕಿ ಬಿಗಿಯುವ ಮುನ್ನ ಅವರು ಪೈಪನ್ನು ಲಾರಿಯೊಳಗೆ ಎಸೆದು ಬಂದರು. ನಾನು "ಇರಲಿ ಬಿಡಿ, ಬಿಗಿಯೋಕೂ ಬೇಕಲ್ಲ" ಎಂದದ್ದಕ್ಕೆ "ಅದಕ್ಕೇ ಒಳಗಿಟ್ಟಿದ್ದು" ಎಂದರು. ಎದುರು ಬದುರು ನಟ್ಟುಗಳನ್ನು ಹಿಡಿದು, ಗಿಡ್ಡ ಪಾನಾದಲ್ಲಿ ಮೈಭಾರ ಬಿಟ್ಟು, ಅಷ್ಟಕ್ಕೇ ನಿಲ್ಲಿಸಿದರು.

ತುಕ್ಕಿನ ಪಕ್ಷದವರಿಗೂ ನ್ಯಾಯ ಸಲ್ಲಬೇಕು. ಕಾರವಾರದಿಂದ ಮಂಗಳೂರಿನ ತನಕ ಉಪ್ಪುಗಾಳಿ ಉಣ್ಣುವ ಕಾರುಗಳಲ್ಲಿ ತುಕ್ಕು ನಿಜವಾದ ಶತ್ರು. ವರ್ಷಗಟ್ಟಲೆ ಬಿಚ್ಚದ ಚಕ್ರಗಳಲ್ಲಿ ಅಲಾಯ್ ರಿಮ್ಮೂ ಉಕ್ಕಿನ ಹಬ್ಬೂ ಒಂದಕ್ಕೊಂದು ಅಂಟಿ, ನಟ್ಟುಗಳೆಲ್ಲ ಬಿಚ್ಚಿದ ಮೇಲೂ ಚಕ್ರ ಕದಲುವುದಿಲ್ಲ. ಹೊಳೆಯುವ ತೆಳು ಟೋಪಿ ತೊಡಿಸಿದ ನಟ್ಟುಗಳಲ್ಲಿ ಟೋಪಿಯ ಕೆಳಗೆ ತುಕ್ಕು ಊದಿಕೊಂಡು, 19ರ ಪಾನಾ 19ರ ನಟ್ಟಿಗೆ ಹಿಡಿಸದ ವಿಚಿತ್ರವೂ ಉಂಟು. ಅಮೆರಿಕದಲ್ಲಿ ಇಂಥ ನಟ್ಟುಗಳ ವಿಷಯಕ್ಕೆ 2017ರಲ್ಲಿ ಗ್ರಾಹಕರು ಫೋರ್ಡ್ ಮೇಲೆ ದಾವೆಯನ್ನೇ ಹೂಡಿದರು. ಆದರೆ ಇಲ್ಲೂ ಮದ್ದು ಇರುವುದು ಹಾಕುವ ದಿನದಲ್ಲೇ: ತಂತಿ ಬ್ರಷ್ಷಿನಿಂದ ಹಬ್ಬಿನ ಮುಖ ಉಜ್ಜುವುದು, ರಿಮ್ಮಿನ ನಡುತೂತು ಕೂರುವ ಅಂಚಿಗೆ ಮಾತ್ರ ಸವರಿದ ಹಾಗೆ ಗ್ರೀಸ್ ಮುಟ್ಟಿಸುವುದು, ಸ್ಟಡ್ಡನ್ನು ಒಣದಾಗಿ ಬಿಡುವುದು, ಊದಿದ ಟೋಪಿ ನಟ್ಟು ಕಂಡರೆ ಅಂದೇ ಎಸೆಯುವುದು. ಉಪ್ಪುಗಾಳಿ ಬೀಸದ ದಾವಣಗೆರೆಯಲ್ಲೂ ಕಲಬುರಗಿಯಲ್ಲೂ ನಟ್ಟು ಕಚ್ಚುತ್ತದಲ್ಲ, ಅದಕ್ಕೆ ತುಕ್ಕಿನ ಪಕ್ಷ ಏನು ಹೇಳುತ್ತದೆ?

ಅಂಗಡಿಯ ಹುಡುಗನನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಅವನ ಜಾಗದಲ್ಲಿ ನಿಂತು ನೋಡಿ. ನಟ್ಟು ಸಡಿಲಾಗಿ ಚಕ್ರ ಕಳಚಿದರೆ ಸುದ್ದಿ, ಪೊಲೀಸು, ಅಂಗಡಿಯ ಮುಂದೆ ಗಲಾಟೆ. ಅತಿ ಬಿಗಿಯಾಗಿ ಯಾರೋ ಘಾಟಿಯಲ್ಲಿ ಮಳೆಯಲ್ಲಿ ನೆನೆದರೆ ಅವರು ಬೈಯುವುದು ತುಕ್ಕನ್ನು. ಒಂದು ತಪ್ಪಿಗೆ ಅವನ ಹೆಸರಿದೆ, ಇನ್ನೊಂದಕ್ಕೆ ಇಲ್ಲ. ಅವನು ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ಹೇಳಲು ಜ್ಯೋತಿಷಿ ಬೇಡ. ನಾವು ಗಿರಾಕಿಗಳೂ ಕಮ್ಮಿಯಿಲ್ಲ, "ಚೆನ್ನಾಗಿ ಟೈಟ್ ಮಾಡಪ್ಪ, ಹೈವೇಗೆ ಹೋಗೋದು" ಎಂದು ಹೇಳಿಯೇ ಹೊರಡುತ್ತೇವೆ. ಸಡಿಲಾದೀತೆಂಬ ಭಯಕ್ಕೆ ಸರಿಯಾದ ಉತ್ತರ, ಹೊಸದಾಗಿ ಹಾಕಿದ ಚಕ್ರ 50ರಿಂದ 100 ಕಿಲೋಮೀಟರ್ ಓಡಿ ಕೂತ ಮೇಲೆ ಅದೇ ಪಾನಾದಲ್ಲಿ ಇನ್ನೊಮ್ಮೆ ನೋಡಿಕೊಳ್ಳುವುದು. ಗನ್ನಿನ ಎರಡು ಹೆಚ್ಚುವರಿ ಸೆಕೆಂಡು ಆ ಎರಡನೆಯ ನೋಟದ ಬದಲಿಗೆ ಬಂದ ಸೋಮಾರಿ ಉತ್ತರ.

ಈಗ ಟೈರ್ ಕೆಲಸ ಮಾಡಿಸಿದಾಗಲೆಲ್ಲ ನಾನು ಹೊರಡುವ ಮುನ್ನ ಡಿಕ್ಕಿ ತೆರೆದು ಪಾನಾ ತೆಗೆಯುತ್ತೇನೆ. ಹದಿನಾರು ನಟ್ಟುಗಳನ್ನೂ ಒಂದೊಂದಾಗಿ ಸಡಿಲಿಸಿ, ಮೈಭಾರ ಬಿಟ್ಟು ಮತ್ತೆ ಬಿಗಿಯುತ್ತೇನೆ. ನನ್ನಿಂದ ಸಡಿಲಾಗದ್ದು ಸಿಕ್ಕರೆ ಅದೇ ಗನ್ನಿನಲ್ಲಿ ಅಲ್ಲೇ ಬಿಚ್ಚಿಸುತ್ತೇನೆ. ಹತ್ತು ಹದಿನೈದು ನಿಮಿಷದ ಕೆಲಸ. ಸರತಿಯಲ್ಲಿ ನಿಂತ ಕಾರುಗಳವರು ಹಾರನ್ ಮಾಡುತ್ತಾರೆ. ಹೋದ ತಿಂಗಳು ಗನ್ನು ಹಿಡಿದ ಹುಡುಗ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ. ಅವನ ಕೆಲಸಕ್ಕೆ ಹೆಸರಿಟ್ಟೆನೆಂದು ಬೇಸರವಾಯಿತೇನೋ ಎಂದುಕೊಂಡು, ಲೆಕ್ಕ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಗನ್ನನ್ನು ಕೊಕ್ಕೆಗೆ ನೇತುಹಾಕಿ ಹೇಳಿದ: "ಮಾಡ್ಕೊಳ್ಳಿ ಸಾರ್. ಆದ್ರೆ ದಾರೀಲಿ ಏನಾದ್ರೂ ಆದ್ರೆ ನಮ್ಮ ಅಂಗಡೀದು ಅಂತ ಮಾತ್ರ ಹೇಳ್ಬೇಡಿ."